ಬಾನೆಟ್ಟಿನ ಎರಡನೆಯ ಪದರ

ಕಬ್ಬಿಣಕ್ಕೆ ನೆನಪಿದೆ ಎಂದು ಕಂಡುಹಿಡಿದ ಪುಣ್ಯಾತ್ಮರು ತಮ್ಮ ಜನ್ಮದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಲ್ಲವೆಂದು ಕಾಣುತ್ತದೆ. ಕೊಂಡಿದ್ದರೆ, ಕೆಲವು ಸಂಗತಿಗಳನ್ನು ಬಣ್ಣದ ಕೆಳಗೇ ಬಿಟ್ಟುಬಿಡುವುದು ಲೇಸೆಂದು ಅವರಿಗೂ ಅನ್ನಿಸುತ್ತಿತ್ತು.

ಅವರು ಕಂಡುಹಿಡಿದದ್ದು ಇಷ್ಟು. ಉಕ್ಕಿನ ತಗಡಿಗೆ ಪೆಟ್ಟು ಬಿದ್ದರೆ ಒಳಗಿನ ಕಣಗಳ ಸಾಲು ಕದಲುತ್ತದೆ. ಆಮೇಲೆ ಬಡಿದು ನೆಟ್ಟಗೆ ಮಾಡಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದರೂ ಆ ಸಾಲು ಮೊದಲಿನಂತಾಗುವುದಿಲ್ಲ. ಕದಲಿದ ಸಂದಿಗಳಿಗೆ ಉಕ್ಕಿನಲ್ಲೇ ಇರುವ ಇಂಗಾಲದ ಪರಮಾಣುಗಳು ಮೆಲ್ಲಗೆ ಬಂದು ಸೇರಿಕೊಳ್ಳುತ್ತವೆ. ಹಗಲು ಬಿಸಿಲಿಗೆ ಬೇಗ ಬರುತ್ತವೆ, ರಾತ್ರಿ ತಂಪಿಗೆ ನಿಧಾನವಾಗಿ. ಹೀಗೆ ದಿನಕ್ಕೊಂದು ಗೆರೆ ಬೀಳುತ್ತದೆ. ಗೆರೆ ಎಣಿಸಿದರೆ ಪೆಟ್ಟು ಬಿದ್ದ ದಿನ, ಗಳಿಗೆ ಸಿಗುತ್ತದೆ. ಸಾಲು ಕದಲಿದ ಬಗೆ ನೋಡಿದರೆ ಬಡಿದದ್ದು ಗೋಡೆಯೋ, ಎಮ್ಮೆಯೋ, ಮನುಷ್ಯನೋ, ತೂಕವೆಷ್ಟು, ವೇಗವೆಷ್ಟು, ಎಲ್ಲ ಗೊತ್ತಾಗುತ್ತದೆ. ಇದನ್ನು ಓದುವ ಯಂತ್ರಕ್ಕೆ ಸರಕಾರ ‘ಲೋಹಸ್ಮೃತಿ ಮಾಪಕ’ ಎಂದು ಹೆಸರಿಟ್ಟಿತು. ನಮ್ಮ ಹುಬ್ಬಳ್ಳಿಯ ಜನ ಎರಡನೆಯ ದಿನವೇ ಅದನ್ನು ಜಾತಕದ ಮಶೀನು ಎಂದು ಕರೆದರು.

ಹಿಂದೆಯೇ ಕಾನೂನೂ ಬಂತು. ಜಾತಕ ಓದಿಸದೆ ಯಾವ ಹಳೆಯ ಗಾಡಿಯನ್ನೂ ಮಾರುವಂತಿಲ್ಲ. ಮೊದಲ ತಿಂಗಳು ಜನರಿಗೆ ಭಾರೀ ಸಂತೋಷ. ದಲಾಲರ ಬಾಯಿ ಬಂದ್ ಆಯಿತಲ್ಲ. “ಡಾಕ್ಟರು ಓಡಿಸಿದ ಗಾಡಿ, ಒಂದು ಗೀರೂ ಇಲ್ಲ” ಎಂಬ ಮಾತು ಪೇಟೆಯಿಂದಲೇ ಮಾಯವಾಯಿತು. ಎರಡನೆಯ ತಿಂಗಳಿಗೆ ತೊಂದರೆ ಶುರುವಾಯಿತು. ಜಾತಕದಲ್ಲಿ ಸಾವೊಂದು ಕಂಡರೆ ಆ ಗಾಡಿಗೆ ‘ಸೂತಕದ ಗಾಡಿ’ ಎಂಬ ಹೆಸರು ಬೀಳುತ್ತಿತ್ತು. ಆಮೇಲೆ ಅದನ್ನು ಕೊಳ್ಳುವವರಿಲ್ಲ, ಹತ್ತುವವರೂ ಇಲ್ಲ. ಮನೆಯ ಮುಂದೆ ನಿಲ್ಲಿಸಿದರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಿದ್ದರು. ಕೆಲವರು ಶಾಂತಿ ಮಾಡಿಸಿದರು, ಕೆಲವರು ಗೋಮೂತ್ರದಲ್ಲಿ ತೊಳೆಸಿದರು. ಏನೂ ಉಪಯೋಗವಾಗಲಿಲ್ಲ. ಬೈಪಾಸಿನ ಪಕ್ಕದ ಬಯಲಿನಲ್ಲಿ ಈಗ ಅಂಥ ನಾನೂರು ಗಾಡಿ ನಿಂತಿವೆ. ಗುಜರಿಯವರೂ ಅವನ್ನು ಮುಟ್ಟುವುದಿಲ್ಲ.

ಆ ಬಯಲಿನ ಎದುರಿಗೇ ನಮ್ಮ ವಾಹನ ಚರಿತ್ರೆ ಕೇಂದ್ರ. ನಾನು ಅಲ್ಲಿ ಯಂತ್ರ ನಡೆಸುತ್ತಿದ್ದೆ. ಹೆಸರು ಮೌನೇಶ ಕಮ್ಮಾರ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಮನೆಯ ಮುಂದಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಡೆಂಟಿಂಗ್ ಕೆಲಸ ಮಾಡಿದವನು. ತಗ್ಗಾದ ತಗಡನ್ನು ಬಡಿದು ತಗ್ಗಿತ್ತೆಂಬುದೇ ಗೊತ್ತಾಗದಂತೆ ಮಾಡುವುದು ನನ್ನ ಕಸುಬಾಗಿತ್ತು. ಅಂಥವನು ಬಣ್ಣದ ಕೆಳಗಿನದನ್ನು ಬಯಲಿಗೆಳೆಯುವ ಕೆಲಸಕ್ಕೆ ಸೇರಿದ್ದನ್ನು ನೋಡಿ ಹಳೆಯ ಗೆಳೆಯರು ನಕ್ಕರು. ನಗಲಿ ಎಂದು ಬಿಟ್ಟೆ. ನಾನು ಸೇರಿದ್ದು ಒಂದೇ ಒಂದು ಗಾಡಿಗಾಗಿ.

ನಾಲ್ಕು ವರ್ಷದ ಹಿಂದೆ ಜನವರಿ ಹತ್ತೊಂಬತ್ತರಂದು, ಬೆಳಿಗ್ಗೆ ಐದು ಮುಕ್ಕಾಲಿಗೆ, ನನ್ನ ಮಗಳು ಭುವನಾ ಸೈಕಲ್ ಹತ್ತಿ ಟ್ಯೂಷನ್ನಿಗೆ ಹೊರಟಿದ್ದಳು. ಹದಿನಾರು ವರ್ಷ, ಒಬ್ಬಳೇ ಮಗಳು. ಗದಗ ರಸ್ತೆಯ ತಿರುವಿನಲ್ಲಿ ಒಂದು ಗಾಡಿ ಅವಳನ್ನು ಬಡಿದು ಹೋಯಿತು, ನಿಲ್ಲಲಿಲ್ಲ. ಹಾಲಿನವನೊಬ್ಬ ದೂರದಿಂದ ನೋಡಿ ಲಾರಿ ಎಂದ. ಪೊಲೀಸರು ಎರಡು ತಿಂಗಳು ಲಾರಿ ಹುಡುಕಿದರು. ಆಮೇಲೆ ಸೈಕಲ್ಲಿಗೆ ಅಂಟಿದ ಬಣ್ಣದ ಚಕ್ಕೆ ಪರೀಕ್ಷೆಗೆ ಹೋಗಿ, ಅದು ಲಾರಿಯದಲ್ಲ, ಬೆಳ್ಳಿ ಬಣ್ಣದ ಕಾರಿನದು ಎಂದು ಗೊತ್ತಾಯಿತು. ಅಷ್ಟರಲ್ಲಿ ಎಲ್ಲರಿಗೂ ಬೇರೆ ಕೆಲಸ ಬಂದಿತ್ತು.

ಜಾತಕದ ಮಶೀನು ಬಂದಾಗ ನಾನು ಲೆಕ್ಕ ಹಾಕಿದ್ದು ಹೀಗೆ: ಜಿಲ್ಲೆಯ ಯಾವ ಕಾರಾದರೂ ಎಂದಾದರೊಂದು ದಿನ ಕೈ ಬದಲಾಗಲೇಬೇಕು, ಕೈ ಬದಲಾಗುವಾಗ ಈ ಯಂತ್ರದ ಕೆಳಗೆ ಬರಲೇಬೇಕು. ಎರಡು ವರ್ಷದಲ್ಲಿ ಒಂಬತ್ತು ಸಾವಿರ ಗಾಡಿ ಓದಿದೆ. ಬೆಳ್ಳಿ ಬಣ್ಣದ್ದು ಬಂದಾಗಲೆಲ್ಲ ಎರಡೆರಡು ಸಲ ಓದಿಸುತ್ತಿದ್ದೆ. ಸಂಜೆ ಮನೆಗೆ ಹೋದರೆ ಹೆಂಡತಿ ಅನಸೂಯಾ ನನ್ನ ಮುಖ ನೋಡುವಳು. ನಾನು ತಲೆ ಅಲ್ಲಾಡಿಸುವೆ. ಅವಳು ಊಟಕ್ಕೆ ಬಡಿಸುವಳು. ನಮ್ಮ ಸಂಸಾರದಲ್ಲಿ ಮಾತು ಅಷ್ಟಕ್ಕೆ ಬಂದು ನಿಂತಿತ್ತು.

ಆ ಬುಧವಾರ ಹಸೀನಾ ನದಿಮುಲ್ಲಾ ಎಂಬ ಹೆಂಗಸು ಒಂದು ಬೆಳ್ಳಿ ಬಣ್ಣದ ಕಾರು ತಂದಳು. ರೋಗಿಗಳನ್ನು ಡಯಾಲಿಸಿಸ್ಸಿಗೆ ಕರೆದೊಯ್ದು ತಂದು ಬಿಡುವುದು ಅವಳ ಕೆಲಸ. ಇದನ್ನು ಮಾರಿ, ಮಲಗಿಸಿಕೊಂಡು ಹೋಗಬಹುದಾದ ದೊಡ್ಡ ವ್ಯಾನು ಕೊಳ್ಳಬೇಕೆಂದಿದ್ದಳು. ಕೊಳ್ಳಲು ಬಂದವರು ನಿವೃತ್ತ ಗಲಗಲಿ ಮಾಸ್ತರರು. ಅವರು ಗಾಡಿಯ ಸುತ್ತ ಮೂರು ಸಲ ತಿರುಗಿ, ಬಾಗಿಲು ತೆಗೆದು ಹಾಕಿ, ಟೈರಿಗೆ ಒದ್ದು, ಪರೀಕ್ಷೆ ಮುಗಿಸಿದ್ದರು.

“ಮೂರ ವರ್ಷ ಓಡಿಸೀನ್ರಿ ಸಾಹೇಬ್ರ,” ಎಂದಳು ಹಸೀನಾ. “ನನ್ನ ಕೈಯಾಗ ಒಂದು ಕೋಳಿಗೂ ಬಡದಿಲ್ಲ. ಮದ್ಲಿಂದು ನನಗ ಗೊತ್ತಿಲ್ಲ.”

ಗಾಡಿಯನ್ನು ಯಂತ್ರದ ಕಮಾನಿನ ಕೆಳಗೆ ನಿಲ್ಲಿಸಿ ನಾನು ಗಾಜಿನ ಕೋಣೆಗೆ ಹೋದೆ. ಅಲ್ಲಿ ನಮ್ಮ ವಿಜ್ಞಾನಿ ವಿಭಾ ಮೇಡಂ ಕೂತಿದ್ದರು. ಮೈಸೂರಿನವರು, ವಯಸ್ಸು ಮೂವತ್ತೆರಡು, ಯಂತ್ರದ ಮೇಲೆ ತಾಯಿಗೆ ಮಗುವಿನ ಮೇಲಿರುವಷ್ಟು ಅಕ್ಕರೆ. ಯಂತ್ರ ಓದತೊಡಗಿತು. ಬಾಗಿಲು ಸ್ವಚ್ಛ. ಹಿಂಬದಿಯಲ್ಲಿ ಗೇಟಿಗೆ ಒರಗಿದ ಗುರುತು. ಬಾನೆಟ್ಟಿಗೆ ಬಂದಾಗ ಪರದೆಯ ಮೇಲೆ ಕೆಂಪು ಹರಡಿಕೊಂಡಿತು.

ಮೊದಲು ದಿನಾಂಕ ಬಂತು. ಜನವರಿ ಹತ್ತೊಂಬತ್ತು. ಆಮೇಲೆ ಗಳಿಗೆ, ಆಮೇಲೆ ವೇಗ. ತೂಕ ನಲವತ್ತೆರಡು ಕಿಲೋ. ಕೊನೆಗೆ ತಗ್ಗಿನ ಚಿತ್ರ ಮೂಡಿತು. ನಡುವೆ ಒಂದು ಸಣ್ಣ ದುಂಡು ಗುರುತು, ಸೈಕಲ್ಲಿನ ಬೆಲ್ಲಿನಷ್ಟು ದುಂಡು. ಅದು ಬೆಲ್ಲೇ ಆಗಿತ್ತು.

ನಾನು ಕುರ್ಚಿಯ ಹಿಂಬದಿ ಹಿಡಿದುಕೊಂಡೆ. ಈ ದಿನಕ್ಕಾಗಿ ಎಷ್ಟು ಸಲ ಮನಸ್ಸಿನಲ್ಲೇ ತಾಲೀಮು ಮಾಡಿದ್ದೆನೋ, ಒಂದೂ ಕೆಲಸಕ್ಕೆ ಬರಲಿಲ್ಲ. ಮೇಡಂಗೆ ನನ್ನ ಕಥೆ ಗೊತ್ತಿತ್ತು. ಅವರು ನನ್ನ ಕೈ ಮುಟ್ಟಿ, “ಕೂತ್ಕೊಳಿ, ಮೌನೇಶ್ ಅವ್ರೆ. ಮಾಲೀಕ ಯಾರಿದ್ರು ಅಂತ ನೋಡ್ತೀನಿ,” ಎಂದರು.

ಕಾಗದ ತೆಗೆದರು. ಆ ದಿನ ಗಾಡಿ ನವಲಗುಂದದ ಒಬ್ಬ ಮುದುಕನ ಹೆಸರಿನಲ್ಲಿತ್ತು. ಆತ ಅಪಘಾತಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದ. ನಮ್ಮ ಕಡೆ ಇದೇನು ಹೊಸದಲ್ಲ. ಮಾರುವವನು ಖಾಲಿ ಫಾರಂಗಳಿಗೆ ಸಹಿ ಹಾಕಿ ದಲಾಲನಿಗೆ ಕೊಡುತ್ತಾನೆ, ದಲಾಲ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಸತ್ತವನ ಹೆಸರಿನಲ್ಲಿ ಗಾಡಿ ಎರಡು ವರ್ಷ ಯಾರ ಯಾರದೋ ಕೈಯಲ್ಲಿ ಓಡಿತ್ತು. ಹಸೀನಾಳೇ ಮೊದಲು ತನ್ನ ಹೆಸರಿಗೆ ಮಾಡಿಸಿಕೊಂಡವಳು.

“ಎರಡನೇ ಪದರ ಇದೆ, ತಾಳಿ,” ಎಂದರು ಮೇಡಂ. “ರಿಪೇರಿ ಮಾಡಿದಾರೆ. ಯಾರು ಮಾಡಿದ್ರು ಗೊತ್ತಾದ್ರೆ, ಗಾಡಿ ತಂದೋನು ಯಾರು ಅಂತ ಅವ್ರನ್ನೇ ಕೇಳ್ಬೋದು.”

ಇದು ಯಂತ್ರಕ್ಕೆ ಅವರೇ ಕಲಿಸಿದ ಹೊಸ ವಿದ್ಯೆ. ಬಡಿದು ನೆಟ್ಟಗೆ ಮಾಡುವವನ ಸುತ್ತಿಗೆಯೂ ತಗಡಿನಲ್ಲಿ ಗುರುತು ಬಿಡುತ್ತದೆ, ಒಬ್ಬೊಬ್ಬರ ಕೈ ಒಂದೊಂದು ಥರ. ಅದಕ್ಕಾಗಿ ಅವರು ಜಿಲ್ಲೆಯ ಅರವತ್ತು ಡೆಂಟಿಂಗ್ ಕೆಲಸಗಾರರಿಂದ ತಗಡು ಬಡಿಸಿ ಮಾದರಿ ಇಟ್ಟುಕೊಂಡಿದ್ದರು. ಕೇಂದ್ರಕ್ಕೆ ಸೇರಿದ ವಾರ ನನ್ನಿಂದಲೂ ಬಡಿಸಿದ್ದರು.

ಪರದೆಯ ಮೇಲೆ ಅಕ್ಷರ ಮೂಡಿದವು. ದುರಸ್ತಿ: ಜನವರಿ ಇಪ್ಪತ್ತೊಂದು, ಬೆಳಿಗ್ಗೆ. ಕೈ: ಎಡ. ಹೋಲಿಕೆ: ಮೌನೇಶ ಕಮ್ಮಾರ.

ಮೇಡಂ ಎರಡು ಸಲ ಓದಿದರು. “ತಪ್ಪಾಗಿರ್ಬೇಕು,” ಎಂದು ಇನ್ನೊಮ್ಮೆ ಓದಿಸಿದರು. ಅದೇ ಹೆಸರು ಬಂತು.

ತಪ್ಪಾಗಿರಲಿಲ್ಲ. ನನಗೆ ನೆನಪಾಯಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಸಾವಾದರೆ ಮೂರನೆಯ ದಿನ ಮನೆಯ ಗಂಡಸು ಸುತ್ತಿಗೆ ಹಿಡಿದು ಕಬ್ಬಿಣಕ್ಕೆ ಪೆಟ್ಟು ಹಾಕಬೇಕು. ಹಾಕದಿದ್ದರೆ ಸಾವು ಕುಲುಮೆಯಲ್ಲೇ ಕೂತುಬಿಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಆ ದಿನ ತಾನಾಗಿ ಬಂದ ಕಬ್ಬಿಣವನ್ನು ಒಲ್ಲೆ ಎನ್ನಬಾರದು, ಎಲ್ಲಿಂದ ಬಂತೆಂದು ಕೇಳಲೂಬಾರದು. ಭುವನಾ ಹೋದ ಮೂರನೆಯ ದಿನ ನಾನು ಶೆಡ್ಡಿಗೆ ಹೋಗುವವನಿರಲಿಲ್ಲ. ಅನಸೂಯಾಳೇ ಎಬ್ಬಿಸಿ ಕಳಿಸಿದಳು. ಶೆಡ್ಡಿನ ಬಾಗಿಲು ತೆಗೆದು ಹತ್ತು ನಿಮಿಷವಾಗಿರಲಿಕ್ಕಿಲ್ಲ, ಬೆಳ್ಳಿ ಬಣ್ಣದ ಕಾರೊಂದು ಬಂದು ನಿಂತಿತು. “ಎಮ್ಮೆ ಬಡೀತ್ರಿ,” ಎಂದ ಯಾರೋ. ಆಗ ನಮ್ಮ ತಲೆಯಲ್ಲಿದ್ದದ್ದು ಲಾರಿ. ಎರಡು ತಿಂಗಳಾದ ಮೇಲೆ ಬೆಳ್ಳಿ ಬಣ್ಣವೆಂದು ತಿಳಿದಾಗ ಆ ದಿನಗಳ ಯಾವುದೂ ನನ್ನ ನೆನಪಿನಲ್ಲಿ ಉಳಿದಿರಲಿಲ್ಲ. ನಾನು ತಲೆ ಎತ್ತಲಿಲ್ಲ. ಬಾನೆಟ್ಟು ಬಿಚ್ಚಿ ತಿರುವಿ ಹಾಕಿ, ಒಳಗಿನಿಂದ ಬಡಿಯತೊಡಗಿದೆ. ಅಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಸಂಕಟವನ್ನೆಲ್ಲ ಕೈಗೆ ತಂದು ಬಡಿದೆ. ನನ್ನ ಮಗಳ ಸಾವಿನ ಗುರುತನ್ನು ಅಂಗುಲ ಅಂಗುಲವಾಗಿ ನಾನೇ ಅಳಿಸಿ, ಅದನ್ನು ಮಾಡಿದವನ ಕೈಗೆ ವಾಪಸು ಕೊಟ್ಟೆ.

ಅವನ ಮುಖ ಮಾತ್ರ ನೆನಪಿಲ್ಲ. ನೆನಪಿಲ್ಲ ಎನ್ನುವುದೂ ಸರಿಯಲ್ಲ, ನಾನು ನೋಡಲೇ ಇಲ್ಲ.

ಹೊರಗೆ ಗಲಗಲಿ ಮಾಸ್ತರರಿಗೆ ಗಾಜಿನಾಚೆಯ ಕೆಂಪು ಕಂಡಿತ್ತು. “ಸೂತಕದ ಗಾಡಿ ನನಗ ಬ್ಯಾಡ್ರೆಪಾ,” ಎಂದು ಕೊಡೆ ಎತ್ತಿಕೊಂಡು ಹೊರಟೇಹೋದರು. ಹಸೀನಾ ಗಾಜಿನ ಹತ್ತಿರ ಬಂದು ನಿಂತಳು. ನಾನು ಹೊರಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

“ನಾಳೆ ಆರು ಮಂದಿ ಪೇಶಂಟ್ ಅದಾರ್ರಿ ನನಗ,” ಎಂದಳು. “ಅವರನ್ನ ಯಾತರಾಗ ಕರ್ಕೊಂಡ ಹೋಗ್ಲಿ? ನಿಮಗ ಹೇಳಬಾರದು ಇಂಥಾ ಹೊತ್ತಿನ್ಯಾಗ. ಖರೇ, ಮತ್ಯಾರಿಗೆ ಹೇಳ್ಲಿ?”

ಅವಳ ಗಾಡಿಯೂ ಬಯಲಿಗೆ ಹೋಗಿ ನಿಲ್ಲುವುದೇ ಸೈ.

ಒಳಗೆ ಮೇಡಂ ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದರು. ಸಾವಿನ ಗುರುತು ಅಳಿಸಿದ ಕೆಲಸಗಾರನ ಮೇಲೂ ಈಗ ಕೇಸು ಬೀಳುತ್ತದೆ, ಗೊತ್ತಿಲ್ಲದೆ ಮಾಡಿದೆ ಎಂದರೆ ಕೋರ್ಟು ನಂಬಬೇಕು. “ನಾಳೆ ಹತ್ತು ಗಂಟೆಗೆ ವರದಿ ಪೊಲೀಸರಿಗೆ ಹೋಗ್ಬೇಕು. ನೀವು ಹೂಂ ಅಂದ್ರೆ ಮೊದಲನೇ ಪದರ ಒಂದೇ ಕಳಿಸ್ತೀನಿ. ಎರಡನೇದು ಸರಿಯಾಗಿ ಓದಕ್ಕಾಗ್ಲಿಲ್ಲ ಅಂತ ಬರೀತೀನಿ. ನನ್ ಕೆಲಸ ಹೋದ್ರೆ ಹೋಗ್ಲಿ.”

ಒಳ್ಳೆಯ ಹುಡುಗಿ. ಆದರೆ ಮೊದಲನೆಯ ಪದರ ಮಾತ್ರ ಹೋದರೆ ಪೊಲೀಸರು ನವಲಗುಂದದ ಸತ್ತ ಮುದುಕನ ತನಕ ಹೋಗಿ ಫೈಲು ಕಟ್ಟಿಡುತ್ತಾರೆ. ಆ ದಿನ ಗಾಡಿ ಓಡಿಸಿದವನು ನನ್ನ ಶೆಡ್ಡಿಗೆ ಬಂದಿದ್ದ ಎಂಬುದೊಂದೇ ಅವನನ್ನು ಹಿಡಿಯುವ ದಾರಿ. ಬಂದಿದ್ದಾಗ ಅವನನ್ನು ನೋಡಿದ್ದ ಇನ್ನೊಂದು ಜೀವ ಒಂದೇ. ಬಾಗಿಲಿಗೆ ಯಾರೇ ಬರಲಿ, ಅನಸೂಯಾ ಚಾ ಕೊಡದೆ ಬಿಡುವವಳಲ್ಲ.

ಮನೆಗೆ ಹೋದಾಗ ಇನ್ನೂ ಬಿಸಿಲಿತ್ತು. ಅವಳು ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಹೊತ್ತಿಗೆ ಮೊದಲೇ ಬಂದ ನನ್ನನ್ನು ನೋಡಿ ಅವಳ ಕೈ ನಿಂತಿತು.

“ಗಾಡಿ ಸಿಕ್ತು,” ಎಂದೆ.

“ಯಾರ್ದು?”

“ಕಾಗದದಾಗ ಸತ್ತವನ ಹೆಸರೈತಿ. ಅನಸೂಯಾ, ಮೂರನೇ ದಿನ ನಾ ಒಂದು ಗಾಡಿ ಬಡದೆ. ನೆನಪೈತೇನು ನಿನಗ?”

“ನೆನಪೈತಿ. ನಾನ ಕಳಿಸಿದೆ ನಿಮ್ಮನ್ನ. ಬೆಳ್ಳಿ ಬಣ್ಣದ್ದು.” ಹೇಳುತ್ತ ಹೇಳುತ್ತ ಅವಳಿಗೆ ತಿಳಿಯಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು. ಅಕ್ಕಿ ಒಂದಿಷ್ಟು ಚೆಲ್ಲಿತು.

ಅವಳು ಅಳಲಿಲ್ಲ. ಕೂತಲ್ಲೇ ಕೂತು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

“ನೀವು ಒಳಗ ಬಡೀತಿದ್ರಿ. ಅವ ಈ ಕಟ್ಟಿ ಮ್ಯಾಲ ಕುಂತಿದ್ದ, ನಾ ಈಗ ಕುಂತೇನಲ್ಲ, ಇಲ್ಲೇ. ಚಾ ತಂದು ಕೊಟ್ಟೆ. ಗ್ವಾಡಿ ಮ್ಯಾಲಿನ ಫೋಟೋಕ್ಕ ಮಾಲಿ ಹಾಕಿದ್ದು ನೋಡಿ, ಯಾರ್ರಿ ಇದು ಅಂದ. ನಮ್ಮ ಹುಡುಗಿ, ಸೈಕಲ್ ಮ್ಯಾಲ ಹೊಂಟಿದ್ಲು, ಲಾರಿ ಬಡದು ಹ್ವಾತು ಅಂದೆ. ಎಲ್ಲೆ ಅಂತ ಕೇಳಿದ. ಗದಗ ರಸ್ತೆ ತಿರುವಿನ್ಯಾಗ ಅಂದೆ. ಆಮ್ಯಾಲ ಅಳಾಕ ಹತ್ತಿದ. ಸಣ್ಣ ಹುಡುಗರಂಗ ಅತ್ತ. ಚಾ ಕುಡೀಲೇ ಇಲ್ಲ.”

“ನನಗ ಹೇಳಲಿಲ್ಲ ನೀ.”

“ಹೇಳಿದ್ದೆ. ನೀವು ಆಗ ಏನೂ ಕೇಳಿಸ್ಕೊಳ್ತಿದ್ದಿಲ್ಲ.”

ನಿಜ. ಹತ್ತು ಅಡಿ ದೂರದಲ್ಲಿ ಅವನು ಅಳುತ್ತಿದ್ದಾಗಲೂ ನಾನು ಕೇಳಿಸಿಕೊಂಡಿರಲಿಲ್ಲ, ನನ್ನ ಸುತ್ತಿಗೆಯ ಸದ್ದು ಅಷ್ಟಿತ್ತು.

“ಬಂದು ಹೋದವರೆಲ್ಲ ಸಮಾಧಾನ ಹೇಳಿದ್ರು,” ಎಂದಳು ಅನಸೂಯಾ. “ಅತ್ತಾವ ಅವ ಒಬ್ಬನ. ಯಾರದೋ ಮಗ, ಗುರ್ತಿಲ್ಲ ಪರಿಚಯಿಲ್ಲ, ನಮ್ಮ ಹುಡುಗಿ ಸಲುವಾಗಿ ಅಳಾಕತ್ತಾನ ಅಂತ ನಾ ಅವನ ಬೆನ್ನ ಮ್ಯಾಲ ಕೈ ಆಡಿಸಿದೆ. ನಾಕ ವರ್ಷ ಅವನ ನೆನಪ ಮಾಡ್ಕೊಂಡ ಜೀವಾ ಹಿಡದೀನ್ರಿ ನಾ.”

ನನಗೆ ಅವಳ ಮೇಲೆ ಸಿಟ್ಟು ಬಂತು. ಬರಬಾರದಿತ್ತು, ಬಂತು. “ಮುಖ ನೆನಪೈತೇನು? ಅಷ್ಟು ಹೇಳು,” ಎಂದು ಅವಳ ಎರಡೂ ಕೈ ಹಿಡಿದುಕೊಂಡು ಅಂಗಲಾಚಿದೆ. “ನಿನ್ನ ಕಾಲ ಹಿಡೀತೇನಿ, ಹೇಳು.”

“ಮುಖ ನೆನಪೈತಿ. ಹುಬ್ಬಿನ ಮ್ಯಾಲಿನ ಗಾಯದ ಕಲಿ ಸುದ್ದಾ ನೆನಪೈತಿ. ನಾಳೆ ಬಂದು ಹೇಳ್ತೇನಿ.” ಅವಳು ಕೈ ಬಿಡಿಸಿಕೊಂಡಳು. “ಖರೇ, ನಾ ಅವನ್ನ ಹರಸೀನ್ರಿ. ನಿನ್ನ ಹೊಟ್ಟಿ ತಣ್ಣಗಿರ್ಲಿ, ನಿನ್ನ ಮಕ್ಕಳು ನೂರು ವರ್ಷ ಬಾಳ್ಲಿ ಅಂದೀನಿ. ಮಗಳನ್ನ ಕಳಕೊಂಡ ಮೂರನೇ ದಿನ, ಹೊಟ್ಟಿಯೊಳಗಿಂದ ಅಂದೀನಿ. ಅದನ್ನ ಹೆಂಗ ಹಿಂದ ತಗೊಳ್ಳೂದು? ನಿಮ್ಮ ಮೇಡಂನೋರಿಗೆ ಗೊತ್ತಿದ್ರ ಕೇಳ್ರಿ.”

ಇದನ್ನು ಯಾರಲ್ಲಿ ಕೇಳಬೇಕು? ಚೆಲ್ಲಿದ ಅಕ್ಕಿಯನ್ನು ನಾನೇ ಕೂತು ಆರಿಸಿ ಮೊರಕ್ಕೆ ಹಾಕಿದೆ.

ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋದೆ. ಎರಡೂ ಪದರ ಕಳಿಸಿ ಎಂದು ಮೇಡಂಗೆ ಹೇಳಿ, ದುರಸ್ತಿ ಮಾಡಿದವನ ಹೇಳಿಕೆಯ ಕೆಳಗೆ ಸಹಿ ಹಾಕಿದೆ. ಹತ್ತಕ್ಕೆ ಸಬ್ ಇನ್ಸ್‌ಪೆಕ್ಟರ್ ನದಾಫ್ ಬಂದರು. ಅನಸೂಯಾ ಹೇಳುತ್ತ ಹೋದಳು, ಪರದೆಯ ಮೇಲೆ ಮುಖ ಬೆಳೆಯುತ್ತ ಹೋಯಿತು. ಮೂಗು ಸ್ವಲ್ಪ ಗಿಡ್ಡ. ಕಿವಿ ಇಷ್ಟು ದೊಡ್ಡದಲ್ಲ. ಹುಬ್ಬು ಇನ್ನೂ ದಪ್ಪ. ಅವಳು ತನ್ನ ಸಂಬಂಧಿಕರ ಮುಖವನ್ನು ಹೇಳಿದಷ್ಟು ಸಲೀಸಾಗಿ ಹೇಳಿದಳು. ಎರಡು ತಾಸಾದ ಮೇಲೆ ನದಾಫರು ಆ ಚಿತ್ರವನ್ನು ಲೈಸೆನ್ಸಿನ ಫೋಟೋಗಳ ಜೊತೆ ಹೋಲಿಸಿದರು. ಐದು ಹೆಸರು ಬಂದವು. ಮೂರನೆಯ ಫೋಟೋ ಬಂದಾಗ ಅನಸೂಯಾ, “ಇವನ,” ಎಂದಳು.

ನಾನು ನೋಡಿದೆ. ಸಾಧಾರಣ ಮುಖ. ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಸರಿದು ಜಾಗ ಕೊಡುವಂಥ ಮುಖ. ಹೆಸರು, ಊರು, ಮನೆ ನಂಬರು ಎಲ್ಲ ಕೆಳಗೆ ಇತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ನದಾಫರು ಹೇಳಿಕೆಯ ಕಾಗದ ಮುಂದಿಟ್ಟು ಪೆನ್ನು ಕೊಟ್ಟರು. “ಇಲ್ಲೊಂದು ಸಹಿ ಮಾಡ್ರಿ ತಾಯಿ.”

ಅವಳು ಪೆನ್ನು ಹಿಡಿದಳು. ಆಮೇಲೆ, “ಇವಂಗ ಮಕ್ಕಳ ಅದಾವೇನ್ರಿ?” ಎಂದು ಕೇಳಿದಳು.

ನದಾಫರು ನನ್ನ ಮುಖ ನೋಡಿದರು. ರೇಷನ್ ಕಾರ್ಡಿನ ದಾಖಲೆ ತೆಗೆದು ನೋಡಿ, “ಒಬ್ಬಾಕಿ ಮಗಳದಾಳ್ರಿ. ಮೂರು ವರ್ಷ,” ಎಂದರು.

ಅನಸೂಯಾ ಬೆರಳು ಮಡಚಿ ತಿಂಗಳು ಎಣಿಸಿದಳು. “ಅಂದ್ರ ಆಮ್ಯಾಲ ಹುಟ್ಟ್ಯಾಳ,” ಎಂದಳು.

ವಿಭಾ ಮೇಡಂ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ನನಗೆ ಹೆದರಿಕೆಯಾಯಿತು. ಇಷ್ಟು ದೂರ ಬಂದು ಇವಳು ಪೆನ್ನು ಕೆಳಗಿಟ್ಟರೆ ನನ್ನ ಗತಿಯೇನು, ನನ್ನ ಭುವನಾಳ ಗತಿಯೇನು?

“ಸಹಿ ಮಾಡು, ಅನಸೂಯಾ,” ಎಂದೆ.

ಅವಳು ಮಾಡಿದಳು. ತಂದೆಯ ಹೆಸರು, ಗಂಡನ ಹೆಸರು ಸೇರಿಸಿ ಪೂರ್ತಿ ಸಹಿ. ಪೆನ್ನು ವಾಪಸು ಕೊಟ್ಟು ಪರದೆಯ ಮೇಲಿನ ಆ ಮುಖದ ಕಡೆ ನೋಡಿದಳು.

“ಇವ ಮಾಡಿದ್ದನ್ನ ಇವ ಉಣ್ಣಲಿ. ನಾ ಹರಸಿದ ಮಾತು ಇವಂಗ ಹತ್ತೂದು ಬ್ಯಾಡ, ಆ ಕೂಸಿಗೆ ಹತ್ತಲಿ. ಆಕಿ ನೂರು ವರ್ಷ ಬಾಳ್ಲಿ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವೂ ಹೂಂ ಅನ್ರಿ. ನಾ ಒಬ್ಬಾಕಿ ಅಂದ್ರ ಸಾಲೂದಿಲ್ಲ.”

ನಾನು ಅನ್ನಲಿಲ್ಲ. ಅನ್ನಲು ಆಗಲಿಲ್ಲ.

ಈಗ ಎರಡು ಕೇಸು ನಡೆದಿವೆ, ಒಂದು ಅವನ ಮೇಲೆ, ಒಂದು ನನ್ನ ಮೇಲೆ. ತಾರೀಕು ಹೆಚ್ಚಾಗಿ ಒಂದೇ ದಿನ ಬೀಳುತ್ತವೆ. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಕೋರ್ಟಿನ ಆವಾರದಲ್ಲಿ ಹುಣಸೆಮರದ ಕೆಳಗೆ ನಿಂತಿರುತ್ತಾಳೆ. ಮಗು ಬಂದು ಹೋಗುವವರನ್ನೆಲ್ಲ ನೋಡಿ ನಗುತ್ತದೆ, ನನ್ನನ್ನು ನೋಡಿಯೂ ನಕ್ಕಿದೆ. ಆಗೆಲ್ಲ ಅನಸೂಯಾ ನನ್ನ ಮುಖ ನೋಡುತ್ತಾಳೆ. ನಾನು ಇನ್ನೂ ಹೂಂ ಅಂದಿಲ್ಲ.